ಚಿನ್ನದ ಹಳಿ, ರಾಗಿಯ ಹಳಿ

ಬಂಗಾರಪೇಟೆಗೆ ಆ ಹೆಸರು ಬಂದದ್ದು ಪಕ್ಕದ ಗಣಿಯ ಬಂಗಾರದಿಂದಲೇ ಅಂತ ನಂಬಿದವರು ಊರಿನಲ್ಲೇ ಬಹಳ ಮಂದಿ. ಮೊದಲಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರು ಅದು. 1864ರಲ್ಲಿ ಜೋಲಾರಪೇಟೆ–ಬೆಂಗಳೂರು ರೈಲು ಈ ದಾರಿಯಲ್ಲಿ ಓಡಿದಾಗ ಟೇಲರ್ ಕಂಪನಿಯವರು ಇತ್ತ ತಲೆ ಹಾಕಿಯೂ ಇರಲಿಲ್ಲ. ಈ ಸೀಮೆಗೆ ರೈಲು ಮೊದಲು ಬಂತು, ಗಣಿಯ ವೈಭವ ಆಮೇಲೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಇಳಿಯಿತು. ಅಲ್ಲಿಂದ ನೋಡಿ, ಏನು ಅವಸರ! 1894ಕ್ಕೆ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ 10 ಮೈಲಿ ಬ್ರಾಡ್‌ಗೇಜ್ ಹಳಿ. 1902ಕ್ಕೆ ಶಿವನಸಮುದ್ರದಿಂದ ಕರೆಂಟು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಹತ್ತಿದ್ದು ಕೂಡ ಅದಾದ ಮೇಲೆ, 1905ರಲ್ಲಿ. ಪಾಲಾರ್ ನದಿಯ ಬೇತಮಂಗಲ ಕೆರೆಯ ನೀರೂ ಗಣಿ ಊರಿಗೇ ಹರಿಯಿತು.

ರೈತನ ಸರದಿ? 1913ರಲ್ಲಿ ಕೋಲಾರಕ್ಕೆ ರೈಲು ಬಂತು, ಮುಂದೆ ಚಿಕ್ಕಬಳ್ಳಾಪುರಕ್ಕೂ ಹೋಯಿತು. ಆದರೆ ಅದು ಎರಡೂವರೆ ಅಡಿ ಅಗಲದ ಪುಟ್ಟ ಹಳಿ. ಆ ಕಡೆಯ ಮೂಟೆ ಬಂಗಾರಪೇಟೆಯಲ್ಲಿ ಇಳಿಯಬೇಕು, ಮತ್ತೆ ದೊಡ್ಡ ಗಾಡಿಗೆ ಏರಬೇಕು. ಕೂಲಿ ಎರಡು ಸಲ, ಹೊತ್ತೂ ಹಾಳು. ಚಿಕ್ಕಬಳ್ಳಾಪುರದವರೆಗೂ ಬ್ರಾಡ್‌ಗೇಜ್ ಆಗಿ ರೈಲು ಓಡಿದ್ದು 2013ರಲ್ಲಿ! ಚಿನ್ನಕ್ಕೆ 14 ವರ್ಷದಲ್ಲಿ ಸಿಕ್ಕಿದ್ದು ರಾಗಿಗೆ ಸಿಗಲು 100 ವರ್ಷ ಬೇಕಾಯಿತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನಕ್ಕಾಗಿ ಹಾಕಿದ ಹಳಿ ಈಗ ಹೊಟ್ಟೆಪಾಡಿನ ಹಳಿ. ನಸುಕಿನಲ್ಲೇ ಮಾರಿಕುಪ್ಪಂ, ಉರಿಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಊಟದ ಡಬ್ಬಿ ಹಿಡಿದು ನಿಂತವರು ಬೆಂಗಳೂರಿಗೆ ದುಡಿಯಲು ಹೋಗ್ತಾರೆ, ರಾತ್ರಿ ಮಲಗೋಕೆ ಊರಿಗೆ ಬರ್ತಾರೆ. ಮಕ್ಕಳು ಎದ್ದಿರುವಾಗ ಅಪ್ಪ ಮನೆಯಲ್ಲಿರೋದು ಭಾನುವಾರ ಮಾತ್ರ.

ಹೀಗಿರುವಾಗ ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಮಾತು ಎದ್ದಿದೆ. ತೆಗೆಯಲಿ, ನಾಲ್ಕು ಜನಕ್ಕೆ ಕೆಲಸ ಸಿಕ್ಕರೆ ಬೇಡ ಅನ್ನೋರು ಯಾರು? ಆದರೆ ಗಣಿ ಮುಚ್ಚಿದ ಮೇಲೂ ಬಂಗಾರಪೇಟೆಯ ಅಂಗಡಿ ಬೀದಿ ಬಾಗಿಲು ಹಾಕಲಿಲ್ಲವಲ್ಲ, ಅದು ಯಾರಿಂದ? ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆಯಲ್ಲಿ ಕೆರೆ, ಬೋರ್‌ವೆಲ್ ನಂಬಿಕೊಂಡು ರಾಗಿ, ಟೊಮ್ಯಾಟೊ, ರೇಷ್ಮೆಗೂಡು, ಹಾಲು ತಂದು ಸುರಿದ ರೈತನಿಂದ.

ಈ ಸಲವಾದರೂ ಸರದಿ ಬದಲಾಗಲಿ. ದಿಬ್ಬಕ್ಕೆ ಯಂತ್ರ ಬರುವ ಮೊದಲು ಸಂತೆ, ಕಾಲೇಜು, ಆಸ್ಪತ್ರೆಯ ಹೊತ್ತಿಗೆ ಹೊಂದುವಂತೆ ಕೋಲಾರದ ಹಳಿಯ ಮೇಲೆ ರೈಲು ಓಡಲಿ. ಬೆಲೆ ಬಿದ್ದ ದಿನ ಟೊಮ್ಯಾಟೊ ರಸ್ತೆಗೆ ಸುರಿಯದಂತೆ ದಾಸ್ತಾನಿಗೆ ಜಾಗ ಆಗಲಿ. ಊರಲ್ಲೇ ಕೂಲಿ ಹುಟ್ಟಿದರೆ ನಸುಕಿನ ರೈಲಿನ ನೂಕುನುಗ್ಗಲೂ ತಾನಾಗಿ ಕಮ್ಮಿಯಾದೀತು.