ಕಥೆಯೋ, ಆಖ್ಯಾಯಿಕೆಯೋ?

ಅಕ್ಕಿಯನ್ನು ತೂಕ ನೋಡಿ ಕೊಳ್ಳುವುದು, ಬಟ್ಟೆಯನ್ನು ಅಳತೆ ನೋಡಿ ಕೊಳ್ಳುವುದು ಲೋಕರೂಢಿ. ಸೀರೆಯನ್ನು ತಕ್ಕಡಿಯಲ್ಲಿಟ್ಟು ಕಡಮೆಯಾಯಿತೆಂದು ಜಗಳವಾಡುವ ಗಿರಾಕಿಯನ್ನು ಕಂಡರೆ ಯಾರಾದರೂ ನಕ್ಕಾರು. ಆದರೆ ಗ್ರಂಥಗಳ ವಿಷಯದಲ್ಲಿ ಬುದ್ಧಿವಂತರೂ ಇಂತಹ ಜಗಳವನ್ನು ಹೂಡುವುದುಂಟು. ಯಾವ ಗ್ರಂಥವನ್ನು ಯಾವ ಅಳತೆಯಿಂದ ನೋಡತಕ್ಕದ್ದೆಂಬುದನ್ನು ಈ ಸಲ ವಾಚಕರೊಡನೆ ವಿಚಾರಿಸುವೆವು.

ನಮ್ಮ ಪೂರ್ವಿಕರು ಸಂಸ್ಕೃತದ ಗದ್ಯಕಾವ್ಯವನ್ನು ಆಖ್ಯಾಯಿಕೆ, ಕಥೆ ಎಂದು ಎರಡು ಬಗೆಯಾಗಿ ವಿಂಗಡಿಸಿದರು. ಆಖ್ಯಾಯಿಕೆಯಲ್ಲಿ ನಾಯಕನು ತನ್ನ ವೃತ್ತಾಂತವನ್ನು ತಾನೇ ಹೇಳಬೇಕು, ಕಥೆಯಲ್ಲಿ ಬೇರೊಬ್ಬರು ಹೇಳಬೇಕು ಎಂದು ಭಾಮಹನ ಮತ. ಹೇಳುವವರು ಯಾರಾದರೇನು, ಜಾತಿ ಒಂದೇ, ಹೆಸರು ಮಾತ್ರ ಎರಡು ಎಂದು ದಂಡಿಯು ಅದನ್ನು ತಳ್ಳಿಹಾಕಿದನು. ಗೃಹಸ್ಥರಿಗೆ ಹೆಚ್ಚು ಉಪಯುಕ್ತವಾದ ಲಕ್ಷಣವು ಅಮರಕೋಶದಲ್ಲಿದೆ. ನಡೆದುದೆಂದು ತಿಳಿದುಬಂದ ಸಂಗತಿಯುಳ್ಳದ್ದು ಆಖ್ಯಾಯಿಕೆ, ಕಲ್ಪಿಸಿದ್ದು ಕಥೆ ಎಂದು ಅದರ ಅಭಿಪ್ರಾಯ.

ಏಳನೆಯ ಶತಮಾನದ ಬಾಣಭಟ್ಟನು ಎರಡನ್ನೂ ಬರೆದನು. ತನಗೆ ಆಶ್ರಯವಿತ್ತ ಹರ್ಷಮಹಾರಾಜನನ್ನು ಕುರಿತ 'ಹರ್ಷಚರಿತ'ವು ಆಖ್ಯಾಯಿಕೆ, 'ಕಾದಂಬರಿ'ಯು ಕಥೆ. ಎರಡನೆಯದನ್ನು ನಾಗವರ್ಮನು ಗದ್ಯಪದ್ಯಗಳು ಬೆರೆತ ಚಂಪುವಾಗಿ ಕನ್ನಡಕ್ಕೆ ತಂದನು. ಆ ಕಥಾನಾಯಿಕೆಯ ಹೆಸರೇ ಇಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಸಾಹಿತ್ಯಪ್ರಕಾರದ ಹೆಸರಾಗಿ ನಿಂತಿದೆ. ಆದುದರಿಂದ ಪುಸ್ತಕದ ಮೇಲೆ 'ಕಾದಂಬರಿ' ಎಂದು ಅಚ್ಚಾಗಿದ್ದರೆ, ಒಳಗಿನದು ಕಲ್ಪನೆಯೆಂದು ಗ್ರಂಥಕರ್ತನು ಮೊದಲೇ ನಮಗೆ ತಿಳಿಸಿದಂತಾಯಿತು.

ತೊಡಕು ಬರುವುದು ಐತಿಹಾಸಿಕ ಕಾದಂಬರಿಯಲ್ಲಿ. ಮಾಸ್ತಿಯವರ 'ಚಿಕವೀರರಾಜೇಂದ್ರ'ವು 1956ರಲ್ಲಿ ಪ್ರಕಟವಾಯಿತು. ಕೊಡಗಿನ ಆ ಕಡೆಯ ಅರಸನು ಇದ್ದದ್ದು ನಿಜ. 1834ರಲ್ಲಿ ಆಂಗ್ಲರು ಅವನನ್ನು ಪದಚ್ಯುತನನ್ನಾಗಿ ಮಾಡಿ ರಾಜ್ಯವನ್ನು ವಶಪಡಿಸಿಕೊಂಡದ್ದೂ ನಿಜ. ಆದರೆ ಅರಮನೆಯ ಏಕಾಂತದಲ್ಲಿ ಅವನಾಡಿದಂತೆ ಕಾದಂಬರಿಯಲ್ಲಿ ಬರುವ ಮಾತುಗಳು ಕವಿಯ ಮನಸ್ಸಿನಲ್ಲಿ ಹುಟ್ಟಿದವು. ಅವುಗಳಿಗೆ ದಾಖಲೆಯೆಲ್ಲಿ ಎಂದು ಕೇಳಿದರೆ ಕವಿಗೆ ಅನ್ಯಾಯ. ಅವನ್ನೇ ಸಾಕ್ಷ್ಯವಾಗಿ ಹಿಡಿದು, ಅರಸನು ಹೀಗೆಯೇ ಅಂದನೆಂದು ನಾಲ್ವರ ಮುಂದೆ ಸಾರಿದರೆ ಅರಸನಿಗೆ ಅನ್ಯಾಯ. ಸತ್ತವರು ಎದ್ದುಬಂದು ಇಲ್ಲವೆನ್ನಲಾರರು. ಅವರ ವಂಶದವರೂ ನಾಡವರೂ ಮಾತ್ರ ಆ ಅಪವಾದವನ್ನು ಕೇಳುತ್ತಿರಬೇಕಾಗುವುದು.

ಹಾಗಾದರೆ ಕಲ್ಪಿತವೆಲ್ಲ ಸುಳ್ಳೇ? ಅಲ್ಲ. ಇಂತಹ ಸ್ವಭಾವದವನು ಇಂತಹ ಸಂಕಟದಲ್ಲಿ ಹೀಗೆ ನಡೆದಾನೆ ಎಂಬುದೇ ಕಥೆಯನ್ನು ಪರೀಕ್ಷಿಸುವ ಒರೆಗಲ್ಲು. ಇತಿಹಾಸಕಾರನನ್ನಾದರೆ ಆಧಾರವೇನೆಂದು ಕೇಳತಕ್ಕದ್ದು. ಇನ್ನು ಆತ್ಮಚರಿತ್ರೆ: ಅದು ಕಣ್ಣಾರೆ ಕಂಡವನ ಸಾಕ್ಷ್ಯವೆಂಬುದು ನಿಜ; ಆದರೂ ಒಬ್ಬನೇ ಸಾಕ್ಷಿ, ಅದೂ ತನ್ನ ವಿಷಯದಲ್ಲಿಯೇ ನುಡಿಯುವವನು. ಅವನನ್ನು ಗೌರವಿಸಿ ಕೇಳೋಣ. ತೀರ್ಪನ್ನು ಕೊಡುವ ಮುನ್ನ ಎರಡನೆಯ ಸಾಕ್ಷಿಯನ್ನೂ ಅರಸೋಣ.

ಮನೆಯಲ್ಲಿ ಮಕ್ಕಳು ಓದಿದುದನ್ನು ಬಂದು ಹೇಳುವಾಗ, "ಇದನ್ನು ಎಲ್ಲಿ ಓದಿದೆ, ಮಗು? ಕಥೆಯಲ್ಲೋ, ಚರಿತ್ರೆಯಲ್ಲೋ?" ಎಂದು ಹಿರಿಯರು ಒಂದು ಮಾತು ಕೇಳಿದರೆ ಸಾಕು. ಕೆಲವು ದಿನಗಳಲ್ಲಿ ಆ ಮಕ್ಕಳು ಮುಖಪುಟವನ್ನೂ ಮುನ್ನುಡಿಯನ್ನೂ ತಾವಾಗಿಯೇ ನೋಡಿಕೊಳ್ಳುವರು.

ಗದ್ಯವೂ ಅಲ್ಲದೆ ಪದ್ಯವೂ ಅಲ್ಲದೆ ಎರಡೂ ಆಗಿರುವ ಚಂಪುವಿನ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಅರಿಕೆಮಾಡುವೆವು.