ಹಿಮದ ಹಾದಿಗೆ ಯಾವ ಕಾರು?

ಕಾರಿನ ಮಾತು ಬಂದರೆ ಹುಡುಗರು ಮೊದಲು ಕೇಳುವುದು ಅದರ ವೇಗ ಎಷ್ಟು ಎಂದು. ಹಿರಿಯರು ಕೇಳುವುದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮ ಬೀಳುವ ಊರಿನಲ್ಲಿ ಇವೆರಡಕ್ಕೂ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಈ ಕಾರು ನೆಲವನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ?

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ, ಸುಪೀರಿಯರ್ ಸರೋವರಕ್ಕೆ ಹತ್ತಿರವಾಗಿ ಹೋಟನ್ ಎಂಬ ಪುಟ್ಟ ಊರಿದೆ. ಚಳಿಗಾಲದಲ್ಲಿ ಕೆನಡದ ಕಡೆಯಿಂದ ಬೀಸುವ ಒಣ ಶೀತಗಾಳಿ, ಇನ್ನೂ ಹೆಪ್ಪುಗಟ್ಟದ ಸರೋವರವನ್ನು ದಾಟುವಾಗ ನೀರಾವಿಯನ್ನು ಹೀರಿಕೊಳ್ಳುತ್ತದೆ. ದಡ ಸೇರಿದೊಡನೆ ಅದನ್ನು ಹಿಮವಾಗಿ ಸುರಿಸುತ್ತದೆ. ಅಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ ಐದು ಮೀಟರಿನಷ್ಟು ಹಿಮ ಬೀಳುತ್ತದೆ. ಊರಿನ ಬೀದಿಗಳೋ ಕಡಿದಾದ ಇಳಿಜಾರಿನವು. ಈ ಊರಿನಲ್ಲಿ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯವೊಂದಿದೆ. ಭಾರತದ ಎಂಜಿನಿಯರಿಂಗ್ ಪದವೀಧರರು ಉನ್ನತ ವ್ಯಾಸಂಗಕ್ಕೆ ಹೋಗುವ ಜಾಗಗಳಲ್ಲಿ ಇದೂ ಒಂದು.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಡ್ರೈವಿಂಗ್ ಕಲಿತ ತರುಣನೊಬ್ಬ ಇಂಥ ಊರಿಗೆ ಹೋದನೆನ್ನಿ. ಒಂದೆರಡು ವರ್ಷ ಕಳೆದು ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಅವನ ಕಣ್ಣು ಬೀಳುವುದು ಎರಡು ಬಗೆಯ ಕಾರುಗಳ ಮೇಲೆ. ಒಂದು, ಸಿನಿಮಾಗಳಲ್ಲಿ ಗುಡುಗುತ್ತಾ ಓಡುವ ಮಸಲ್ ಕಾರು. ಇನ್ನೊಂದು, ನೋಡಲು ಚಿಕ್ಕದಾದರೂ ಚಿರತೆಯಂತೆ ನುಗ್ಗುವ ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್. ಹಿಮದ ಹಾದಿಗೆ ಇವೆರಡರಲ್ಲಿ ಯಾವುದು ವಾಸಿ? ಇದಕ್ಕೆ ಉತ್ತರ ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಇದೆ.

ಎರಡು ಕುಲ, ಎರಡು ಗುಣ

ಮಸಲ್ ಕಾರು ಅಮೆರಿಕದ್ದೇ ಕೂಸು. ದೊಡ್ಡ ಎಂಟು ಸಿಲಿಂಡರಿನ ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ಇದು ಅದರ ಲಕ್ಷಣ. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಈ ಕುಲಕ್ಕೆ ಹೆಸರು ತಂದಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟಾಂಗ್ ಹೊರಬಂತು. ಡಾಡ್ಜ್ ಚಾಲೆಂಜರ್, ಷೆವರ್ಲೆ ಕಮಾರೊ ಇದೇ ಸಾಲಿನವು. ಈ ಎರಡರ ಪೆಟ್ರೋಲ್ ಮಾದರಿಗಳ ತಯಾರಿಕೆ 2023ರ ಕೊನೆಗೆ ನಿಂತುಹೋದರೂ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. 2024ರ ಮಾದರಿಯ ಮಸ್ಟಾಂಗ್ ಜಿಟಿ ಕಾರಿನ 5 ಲೀಟರ್ ಎಂಜಿನ್ನಿನ ಬಲ 480 ಅಶ್ವಶಕ್ತಿ.

ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್ ಯೂರೋಪಿನಲ್ಲಿ ಬೆಳೆದದ್ದು. ಮನೆಮಂದಿ ಓಡಾಡುವ ಪುಟ್ಟ ಕಾರಿಗೆ ಚುರುಕಾದ ಎಂಜಿನ್ ಕೂಡಿಸಿದರೆ ಹೇಗೆ ಎಂಬ ಯೋಚನೆಯ ಫಲ ಅದು. 1975ರಲ್ಲಿ ಪ್ರದರ್ಶನಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬಲ 110 ಅಶ್ವಶಕ್ತಿ ಮಾತ್ರ. ಓಡಿಸುವ ಚಕ್ರ ಮುಂದಿನವು. ಅದರ ತಮ್ಮನಂತಿರುವ ಗಾಲ್ಫ್ ಆರ್ ಕಾರಿನಲ್ಲಿ ಈಗ 300ಕ್ಕೂ ಹೆಚ್ಚು ಅಶ್ವಶಕ್ತಿ ಇದ್ದು, ನಾಲ್ಕೂ ಚಕ್ರಗಳಿಗೆ ಬಲ ಹಂಚಿಕೆಯಾಗುತ್ತದೆ.

ಈ ವ್ಯತ್ಯಾಸ ನಮ್ಮ ಮಲೆನಾಡಿನವರಿಗೆ ಹೊಸದೇನಲ್ಲ. ಅಂಬಾಸಡರ್ ಕಾರು ಹಿಂದಿನ ಚಕ್ರದಿಂದ ಓಡುವಂಥದ್ದು. ಮಾರುತಿ 800 ಮುಂದಿನ ಚಕ್ರದಿಂದ. ಮಳೆಗಾಲದ ಕೆಸರಿನ ಏರಿನಲ್ಲಿ ಅಂಬಾಸಡರ್ ಹಿಂಭಾಗ ಅತ್ತಿತ್ತ ಹೊರಳುವುದನ್ನೂ, ನಾಲ್ಕು ಚಕ್ರದ ಜೀಪು ಅದೇ ಏರನ್ನು ಸಲೀಸಾಗಿ ಹತ್ತುವುದನ್ನೂ ಕಂಡವರು ಅನೇಕರಿದ್ದಾರೆ.

ನಾಲ್ಕು ಅಂಗೈ ಜಾಗ

ಕಾರು ಎಷ್ಟೇ ದೊಡ್ಡದಿರಲಿ, ಒಂದೊಂದು ಟಯರ್ ನೆಲವನ್ನು ಮುಟ್ಟುವುದು ಸುಮಾರು ಒಂದು ಅಂಗೈ ಅಗಲದಷ್ಟೇ. ಮುಂದೆ ಸಾಗುವುದು, ತಿರುಗುವುದು, ನಿಲ್ಲುವುದು, ಎಲ್ಲವೂ ಈ ನಾಲ್ಕು ಅಂಗೈ ಜಾಗದ ಘರ್ಷಣೆಯಿಂದಲೇ ನಡೆಯಬೇಕು. ಆ ಘರ್ಷಣೆಯ ಅಳತೆಗೆ ಘರ್ಷಣಾಂಕ ಎಂದು ಹೆಸರು. ಒಣಗಿದ ಡಾಂಬರು ರಸ್ತೆಯಲ್ಲಿ ಅದು ಸುಮಾರು 0.7. ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 0.2ರಿಂದ 0.3. ನುಣುಪಾದ ಮಂಜುಗಡ್ಡೆಯ ಮೇಲೆ 0.1 ಅಥವಾ ಇನ್ನೂ ಕಡಿಮೆ.

ಈಗ ಒಂದು ಸರಳ ಲೆಕ್ಕ. ಮಸಲ್ ಕಾರಿನ ತೂಕ 1750 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಎಂಜಿನ್ ಮುಂದಿರುವುದರಿಂದ ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಶೇಕಡ 46 ಎನ್ನೋಣ. ಅಂದರೆ 805 ಕಿಲೋಗ್ರಾಂ. ಘರ್ಷಣಾಂಕ 0.2 ಇರುವ ಹಿಮದ ಮೇಲೆ ಈ ಚಕ್ರಗಳು ಕಾರನ್ನು ದೂಡಬಲ್ಲ ಗರಿಷ್ಠ ಬಲ 805ರ ಐದನೇ ಒಂದು ಭಾಗ, ಅಂದರೆ 161 ಕಿಲೋಗ್ರಾಂ ಭಾರಕ್ಕೆ ಸಮ. ನ್ಯೂಟನ್ ಲೆಕ್ಕದಲ್ಲಿ ಸುಮಾರು 1,580. ಕಾರು ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ, ನೆಲಕ್ಕೆ ತಲುಪುವ ಶಕ್ತಿ 15,800 ವಾಟ್. ಅಶ್ವಶಕ್ತಿಯಲ್ಲಿ ಹೇಳುವುದಾದರೆ 21!

ಎಂಜಿನ್ನಿನಲ್ಲಿ 480 ಕುದುರೆಗಳಿದ್ದರೂ ಹಿಮದ ಮೇಲೆ ಕೆಲಸಕ್ಕೆ ಬರುವುದು 21 ಮಾತ್ರ. ಮಾರುತಿ 800ರ ಸುಮಾರು 37 ಅಶ್ವಶಕ್ತಿಯ ಎಂಜಿನ್ ಕೂಡ ಆ ಕೆಲಸಕ್ಕೆ ಹೆಚ್ಚಾಯಿತು. ಉಳಿದ ಕುದುರೆಗಳು ಸುಮ್ಮನಿರುವುದಿಲ್ಲ ಎಂಬುದೇ ತೊಂದರೆ. ಆಕ್ಸಿಲರೇಟರನ್ನು ತುಸು ಜೋರಾಗಿ ಒತ್ತಿದರೂ ಚಕ್ರ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಜಾರುತ್ತಿರುವ ಚಕ್ರಕ್ಕೆ ಉರುಳುತ್ತಿರುವ ಚಕ್ರಕ್ಕಿಂತ ಹಿಡಿತ ಕಡಿಮೆ. ಆಗ ಕಾರಿನ ಹಿಂಭಾಗ ಪಕ್ಕಕ್ಕೆ ಸರಿದು, ಇಡೀ ಕಾರು ಬುಗುರಿಯಂತೆ ತಿರುಗಿಬಿಡಬಹುದು.

ಏರು ಹತ್ತುವಾಗ

ಮುಂಚಕ್ರದ ಹ್ಯಾಚ್‌ಬ್ಯಾಕಿನಲ್ಲಿ ಎಂಜಿನ್, ಗೇರುಪೆಟ್ಟಿಗೆ ಎರಡೂ ಓಡಿಸುವ ಚಕ್ರಗಳ ಮೇಲೆಯೇ ಕುಳಿತಿರುತ್ತವೆ. ಹೀಗಾಗಿ ಕಾರಿನ ಭಾರದಲ್ಲಿ ಶೇಕಡ 60ರಷ್ಟು ಆ ಚಕ್ರಗಳ ಮೇಲೆ ಬೀಳುತ್ತದೆ. ನಾಲ್ಕು ಚಕ್ರದ ಕಾರಿನಲ್ಲಿ ಪೂರ್ತಿ ಭಾರ ಉಪಯೋಗಕ್ಕೆ ಬರುತ್ತದೆ. 0.2 ಘರ್ಷಣಾಂಕದ ಹಿಮದಲ್ಲಿ ಹಿಂಚಕ್ರದ ಮಸಲ್ ಕಾರು ನೂರು ಮೀಟರಿಗೆ ಸುಮಾರು 9 ಮೀಟರ್ ಏರುವ ದಾರಿಯನ್ನು ಹತ್ತಬಲ್ಲದು. ಮುಂಚಕ್ರದ ಹ್ಯಾಚ್‌ಬ್ಯಾಕ್ ಸುಮಾರು 12 ಮೀಟರ್. ನಾಲ್ಕು ಚಕ್ರದ್ದು ಸುಮಾರು 20 ಮೀಟರ್. ಹೋಟನ್‌ನಂಥ ಊರಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಡುವವನಿಗೆ ಇದು ಚಿಕ್ಕ ವ್ಯತ್ಯಾಸವಲ್ಲ.

ಇನ್ನೊಂದು ಅನುಕೂಲವೂ ಇದೆ. ತಿರುವಿನಲ್ಲಿ ಮುಂಚಕ್ರದ ಕಾರು ಹಿಡಿತ ತಪ್ಪಿದರೆ ಸಾಮಾನ್ಯವಾಗಿ ತಿರುಗದೆ ನೇರಕ್ಕೆ ಜಾರುತ್ತದೆ. ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ವೇಗ ತಗ್ಗಿ ಚಕ್ರ ಮತ್ತೆ ನೆಲ ಹಿಡಿಯುತ್ತದೆ. ಹಿಂಚಕ್ರದ ಕಾರಿನ ಹಿಂಭಾಗ ಹೊರಳಿದಾಗ ಸ್ಟೀಯರಿಂಗನ್ನು ಹೊರಳಿದ ದಿಕ್ಕಿಗೇ ತಿರುಗಿಸಿ ಸರಿಪಡಿಸಬೇಕು. ಅದಕ್ಕೆ ಅಭ್ಯಾಸ ಬೇಕು. ಮೊದಲ ಬಾರಿ ಹಿಮ ಕಂಡವನಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಇಷ್ಟು ಓದಿದವರು ಹ್ಯಾಚ್‌ಬ್ಯಾಕ್ ಗೆದ್ದಿತೆಂದು ತೀರ್ಮಾನಿಸಬಹುದು. ಅದು ಅರ್ಧ ಉತ್ತರ ಮಾತ್ರ.

ನಿಲ್ಲುವ ಪ್ರಶ್ನೆ

ಹೊರಡಲು ನಾಲ್ಕು ಚಕ್ರ ನೆರವಾಗುತ್ತವೆ, ನಿಜ. ನಿಲ್ಲಲು? ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೂ ಇದ್ದೇ ಇದೆ. ಆದ್ದರಿಂದ ನಿಲ್ಲುವಾಗ ನಾಲ್ಕು ಚಕ್ರದ ಚಾಲನೆಯಿಂದ ಯಾವ ಲಾಭವೂ ಇಲ್ಲ. ಭಾರವಾದ ಕಾರು ಹಿಮದಲ್ಲಿ ಗಟ್ಟಿಯಾಗಿ ಕೂರುತ್ತದೆ ಎಂಬ ನಂಬಿಕೆಯೂ ತಪ್ಪು. ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಆದರೆ ತಡೆಯಬೇಕಾದ ಜಡತ್ವವೂ ಅಷ್ಟೇ ಹೆಚ್ಚುತ್ತದೆ. ಲೆಕ್ಕದಲ್ಲಿ ಎರಡೂ ಹೊಡೆದುಹೋಗಿ ಉಳಿಯುವುದು ವೇಗ ಮತ್ತು ಘರ್ಷಣಾಂಕ ಮಾತ್ರ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಕಾರು ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಘರ್ಷಣಾಂಕ 0.3 ಆದರೆ 33 ಮೀಟರ್ ಬೇಕು. 0.2 ಆದರೆ 49 ಮೀಟರ್. 0.1 ಆದರೆ 98 ಮೀಟರ್. ಮಸ್ಟಾಂಗ್ ಆದರೂ ಅಷ್ಟೆ, ಗಾಲ್ಫ್ ಆದರೂ ಅಷ್ಟೆ. ನಾಲ್ಕು ಚಕ್ರದ ಕಾರಿನಲ್ಲಿರುವ ಮೋಸ ಇದೇ. ಅದು ಸಲೀಸಾಗಿ ವೇಗ ಪಡೆಯುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಚಾಲಕನಿಗೆ ಗೊತ್ತಾಗುವುದೇ ಇಲ್ಲ. ಎದುರಿಗೆ ಮಗುವೊಂದು ರಸ್ತೆ ದಾಟುವಾಗಲೇ ಗೊತ್ತಾಗುವುದು.

0.2ನ್ನು 0.3ಕ್ಕೆ ಏರಿಸಿದರೆ 16 ಮೀಟರ್ ಉಳಿಯುತ್ತದೆ. ಆ ಕೆಲಸ ಮಾಡುವುದು ಎಂಜಿನ್ ಅಲ್ಲ, ಟಯರ್.

ಚಳಿಗೆ ಬಿರುಸಾಗುವ ರಬ್ಬರ್

ಡಿಸೆಂಬರಿನ ಬೆಳಗಿನಲ್ಲಿ ಶೀಸೆಯೊಳಗಿನ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ಎಲ್ಲರೂ ಬಲ್ಲರು. ರಬ್ಬರ್ ಹಾಗೆ ಹೆಪ್ಪುಗಟ್ಟುವುದಿಲ್ಲವಾದರೂ ಚಳಿ ಏರಿದಂತೆ ಬಿರುಸಾಗುತ್ತದೆ. ಬೇಸಿಗೆ ಟಯರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತನ್ನ ಮೆತುವನ್ನು ಕಳೆದುಕೊಳ್ಳತೊಡಗುತ್ತದೆ. ಬಿರುಸಾದ ರಬ್ಬರ್ ನೆಲದ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳಲಾರದು. ಚಳಿಗಾಲದ ಟಯರನ್ನು ಕೊರೆಯುವ ಚಳಿಯಲ್ಲೂ ಮೆತ್ತಗಿರುವ ಮಿಶ್ರಣದಿಂದ ಮಾಡುತ್ತಾರೆ. ಅದರ ಮೈಮೇಲೆ ಬ್ಲೇಡಿನಿಂದ ಕೊಯ್ದಂಥ ನೂರಾರು ಸೀಳುಗಳಿರುತ್ತವೆ. ಆ ಸೀಳುಗಳ ಅಂಚು ಹಿಮವನ್ನು ಕಚ್ಚಿ ಹಿಡಿಯುತ್ತದೆ. ಅಗಲವಾದ ಗಾಡಿಗಳಲ್ಲಿ ಹಿಮ ತುಂಬಿಕೊಂಡು, ಹಿಮಕ್ಕೆ ಹಿಮ ಅಂಟಿಕೊಂಡು ಹಿಡಿತ ಇನ್ನಷ್ಟು ಹೆಚ್ಚುತ್ತದೆ.

ಇಲ್ಲೇ ಹ್ಯಾಚ್‌ಬ್ಯಾಕ್ ಕೂಡ ಎಡವುವುದು. ಪರ್ಫಾರ್ಮೆನ್ಸ್ ಕಾರುಗಳು ಕಾರ್ಖಾನೆಯಿಂದ ಬರುವಾಗ ಹೆಚ್ಚಾಗಿ ಅಗಲವಾದ ಬೇಸಿಗೆ ಟಯರುಗಳನ್ನೇ ಧರಿಸಿರುತ್ತವೆ. ಅಗಲ ಟಯರ್ ಒಣ ರಸ್ತೆಗೆ ಚೆನ್ನ. ಸಡಿಲ ಹಿಮದಲ್ಲಿ ಅದು ತೇಲುತ್ತದೆ. ಕಿರಿದಾದ ಟಯರ್ ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಬೇಸಿಗೆ ಟಯರಿನ ನಾಲ್ಕು ಚಕ್ರದ ಹ್ಯಾಚ್‌ಬ್ಯಾಕಿಗಿಂತ ಚಳಿಗಾಲದ ಟಯರಿನ ಮಸ್ಟಾಂಗ್ ನಿಲ್ಲುವುದರಲ್ಲಿಯೂ ತಿರುಗುವುದರಲ್ಲಿಯೂ ಮೇಲು.

ಕೆನಡದ ಕ್ವಿಬೆಕ್ ಪ್ರಾಂತ 2008ರಿಂದ ಚಳಿಗಾಲದಲ್ಲಿ ಇಂಥ ಟಯರುಗಳನ್ನು ಕಡ್ಡಾಯ ಮಾಡಿದೆ. ಯಾವ ಕಾರು ಕೊಳ್ಳಬೇಕೆಂದು ಅಲ್ಲಿನ ಕಾನೂನು ಹೇಳುವುದಿಲ್ಲ, ಯಾವ ಟಯರ್ ಹಾಕಬೇಕೆಂದು ಹೇಳುತ್ತದೆ. ಮಿಷಿಗನ್‌ನಲ್ಲಿ ಅಂಥ ಕಡ್ಡಾಯವಿಲ್ಲ. ಅಲ್ಲಿ ಆ ಹೊಣೆ ಕಾರಿನ ಒಡೆಯನದೇ.

ಹಾಗಾದರೆ ಯಾವುದು?

ವರ್ಷವಿಡೀ ಓಡಿಸಲು ಒಂದೇ ಕಾರು ಇರುವವನಿಗೆ ಹ್ಯಾಚ್‌ಬ್ಯಾಕೇ ಸರಿ. ನಾಲ್ಕು ಚಕ್ರದ್ದಾದರೆ ಒಳ್ಳೆಯದು, ಮುಂಚಕ್ರದ್ದಾದರೂ ಅಡ್ಡಿಯಿಲ್ಲ. ಆದರೆ ಎರಡಕ್ಕೂ ಚಳಿಗಾಲದ ಟಯರ್ ಇರಲೇಬೇಕು, ಅದೂ ನಾಲ್ಕು ಚಕ್ರಕ್ಕೂ. ಮುಂದೆ ಎರಡು ಮಾತ್ರ ಹಾಕಿದರೆ ಹಿಂಭಾಗ ಜಾರುತ್ತದೆ. ಟಯರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇದೆಯೇ ಎಂದು ನೋಡಬೇಕು. ಬರೀ ಎಂ ಪ್ಲಸ್ ಎಸ್ ಎಂಬ ಅಕ್ಷರವಿದ್ದರೆ ಸಾಲದು. ಟಯರಿಗೆ ನೂರಾರು ಡಾಲರ್ ಖರ್ಚಾಗುತ್ತದೆ, ನಿಜ. ಆದರೆ ಒಂದು ಜೋಡಣೆ ಓಡುವಾಗ ಇನ್ನೊಂದು ವಿಶ್ರಾಂತಿಯಲ್ಲಿರುವುದರಿಂದ ಎರಡೂ ಹೆಚ್ಚು ಕಾಲ ಬಾಳುತ್ತವೆ.

ಮಸಲ್ ಕಾರಿನ ಆಸೆ ಬಿಡದಿದ್ದವರು ಅದನ್ನು ಚಳಿಗಾಲವಿಡೀ ಶೆಡ್ಡಿನಲ್ಲಿ ನಿಲ್ಲಿಸುವುದು ಲೇಸು. ಮಸ್ಟಾಂಗ್ ತಯಾರಾಗುವುದು ಮಿಷಿಗನ್ನಿನ ಫ್ಲ್ಯಾಟ್ ರಾಕ್ ಎಂಬಲ್ಲಿಯೇ ಆದರೂ, ಅದೇ ರಾಜ್ಯದಲ್ಲಿ ಅನೇಕರು ತಮ್ಮ ಮಸಲ್ ಕಾರುಗಳನ್ನು ಹಿಮ ಕರಗುವವರೆಗೆ ಹೊರಗೆ ತೆಗೆಯುವುದಿಲ್ಲ. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಕಾರಿನ ತಳಕ್ಕೆ ತುಕ್ಕು ಹಿಡಿಸುತ್ತದೆ ಎಂಬುದೂ ಅದಕ್ಕೆ ಒಂದು ಕಾರಣ.

ಮೂರನೆಯ ದಾರಿಯೂ ಉಂಟು. ಅಮೆರಿಕದಲ್ಲಿ 2012ರ ಮಾದರಿಯಿಂದ ಎಲ್ಲ ಹೊಸ ಕಾರುಗಳಲ್ಲೂ ಜಾರುವಿಕೆಯನ್ನು ತಡೆಯುವ ವಿದ್ಯುನ್ಮಾನ ಸ್ಥಿರತಾ ವ್ಯವಸ್ಥೆ ಕಡ್ಡಾಯವಾಗಿದೆ. ಅನಂತರದ ಸಾಧಾರಣ ಹಳೆಯ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಟಯರ್ ಹಾಕಿಸಿ, ಮೊದಲ ಹಿಮ ಬಿದ್ದ ದಿನ ಖಾಲಿ ಮೈದಾನದಲ್ಲಿ ಬ್ರೇಕ್ ಹಾಕಿ ಅಭ್ಯಾಸ ಮಾಡಿದವನು ಎಲ್ಲರಿಗಿಂತ ಕ್ಷೇಮ. ಮಗ ಅಥವಾ ಮಗಳು ಹಿಮದ ಊರಿನಿಂದ ಫೋನು ಮಾಡಿ ಕಾರು ಕೊಂಡೆನೆಂದಾಗ ತಂದೆತಾಯಂದಿರು ಬಣ್ಣದ ಜೊತೆಗೆ ಟಯರನ್ನೂ ವಿಚಾರಿಸಬೇಕು.

ಮಾಡಿ ನೋಡಿ

ಕೇರಂ ಬೋರ್ಡಿನ ಮೇಲೆ ಒಂದು ರಬ್ಬರನ್ನಿಟ್ಟು (ಪೆನ್ಸಿಲ್ ಅಳಿಸುವಂಥದ್ದು) ಬೋರ್ಡಿನ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ರಬ್ಬರ್ ಜಾರತೊಡಗಿದಾಗ ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಆ ತುದಿಯ ನೇರ ಕೆಳಗಿನಿಂದ ಇನ್ನೊಂದು ತುದಿಗೆ ಎಷ್ಟು ದೂರವಿದೆ ಎಂದು ಅಳೆಯಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವುದೇ ಘರ್ಷಣಾಂಕ. ಆಮೇಲೆ ಬೋರ್ಡಿಗೆ ಪೌಡರ್ ಉದುರಿಸಿ ಹಾಗೆಯೇ ಮಾಡಿ. ಕೊನೆಗೆ ರಬ್ಬರಿನ ಮೇಲೆ ಎರಡು ನಾಣ್ಯಗಳನ್ನು ಹೇರಿ ಮತ್ತೊಮ್ಮೆ ಎತ್ತಿ. ಪೌಡರಿನಿಂದ ಉತ್ತರ ಎಷ್ಟು ಬದಲಾಯಿತು, ಭಾರ ಹೇರಿದ್ದರಿಂದ ಎಷ್ಟು ಬದಲಾಯಿತು ಎಂದು ಹೋಲಿಸಿ ಬರೆದಿಡಿ.