ನಡುವಿನ ಮೆಟ್ಟಿಲುಗಳನ್ನು ಕೇಳಿ ಪಡೆಯಿರಿ

ಮಕ್ಕಳೇ, ಬೀಜಗಣಿತದ ಪಾಠದಲ್ಲಿ ಇಂದಲ್ಲ ನಾಳೆ ಈ ಲೆಕ್ಕ ನಿಮಗೆ ಎದುರಾಗುತ್ತದೆ: ಯ² + 5ಯ + 6 ಇದನ್ನು ಅಪವರ್ತಿಸಿ. (ಪುಸ್ತಕದಲ್ಲಿ ‘ಎಕ್ಸ್’ ಇರುವ ಕಡೆ ನಾನು ‘ಯ’ ಬರೆದಿದ್ದೇನೆ. ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂದು ಕರೆದು, ಚಿಕ್ಕದಾಗಿ ‘ಯಾ’ ಎಂದು ಬರೆಯುತ್ತಿದ್ದರು.) ಕರಿಹಲಗೆಯ ಮರುಸಾಲಿನಲ್ಲೇ (ಯ + 2)(ಯ + 3) ಎಂದು ಉತ್ತರ ಬಂದುಬಿಟ್ಟರೆ ಏನಾಗುತ್ತದೆ? ಮುಂದಿನ ಬೆಂಚಿನ ನಾಲ್ವರು ತಲೆಯಾಡಿಸುತ್ತಾರೆ, ಉಳಿದವರು ನೋಡಿ ಬರೆದುಕೊಳ್ಳುತ್ತಾರೆ. ‘ಗಣಿತ ನನ್ನ ತಲೆಗೆ ಹತ್ತುವುದಿಲ್ಲ’ ಎಂಬ ಮಾತು ಹುಟ್ಟುವುದು ಇಂಥ ಗಳಿಗೆಯಲ್ಲೇ ಎಂದು ನನಗೆ ಅನ್ನಿಸುತ್ತದೆ.

ಹಲಸೂರಿನ ಹಳೆಯ ಮನೆಯೊಂದರಲ್ಲಿ ಚೌಕ ಕೋಣೆ ಇದೆ ಎಂದುಕೊಳ್ಳಿ. ಪ್ರತಿ ಬದಿಯೂ ಯ ಅಡಿ. ಅದನ್ನು ಒಂದು ಕಡೆ 2 ಅಡಿ, ಇನ್ನೊಂದು ಕಡೆ 3 ಅಡಿ ಬೆಳೆಸಿದರು. ಹಳೆಯ ನೆಲ ಯ² ಚದರ ಅಡಿ. ಹೊಸದಾಗಿ ಸೇರಿದ ಎರಡು ಪಟ್ಟಿಗಳು 2ಯ ಮತ್ತು 3ಯ. ಮೂಲೆಯ ತುಂಡು 2 × 3 = 6. ಎಲ್ಲ ಕೂಡಿದರೆ ಯ² + 5ಯ + 6. ನೋಡಿದಿರಾ, 2 ಮತ್ತು 3 ಕೂಡಿ 5 ಆಯಿತು, ಅವೇ ಗುಣಿಸಿ 6 ಆಯಿತು. ನೆಲವನ್ನು ನೋಡಿ ಗೋಡೆಗಳ ಅಳತೆ ಹೇಳುವ ಕೆಲಸಕ್ಕೇ ಅಪವರ್ತನ ಎಂದು ಹೆಸರು. ರಟ್ಟನ್ನು ಕತ್ತರಿಸಿ ಜೋಡಿಸಿ ನೋಡಿ, ಹತ್ತು ನಿಮಿಷದ ಕೆಲಸ.

ಈಗ ಹಾಳೆಯ ಮೇಲೆ ಬರೆಯೋಣ. ಗುಣಿಸಿದರೆ 6 ಆಗುವ ಜೋಡಿಗಳು 1 ಮತ್ತು 6, 2 ಮತ್ತು 3. ಮೊದಲ ಜೋಡಿ ಕೂಡಿದರೆ 7, ಬೇಡ. ಎರಡನೆಯದು 5, ಅದೇ ಬೇಕಾದದ್ದು. ಮಧ್ಯಪದವನ್ನು ಒಡೆಯಿರಿ:
ಯ² + 2ಯ + 3ಯ + 6
= ಯ(ಯ + 2) + 3(ಯ + 2)
= (ಯ + 2)(ಯ + 3)
ತಾಳೆ ನೋಡಲು ಯ = 10 ಇಡಿ. 100 + 50 + 6 = 156. ಇತ್ತ 12 × 13 = 156.

‘ಇಷ್ಟೆಲ್ಲ ಬರೆಯುತ್ತಾ ಕೂತರೆ ಪಾಠ ಮುಗಿಯುವುದು ಯಾವಾಗ?’ ಎಂದು ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಶಿವಾಜಿನಗರದಲ್ಲೋ ಕೆ.ಆರ್.ಪುರದಲ್ಲೋ ಒಂದೇ ತರಗತಿಯಲ್ಲಿ ಮನೆಯಲ್ಲಿ ಉರ್ದು, ತಮಿಳು, ತೆಲುಗು, ಕನ್ನಡ ಆಡುವ ಮಕ್ಕಳು ಜೊತೆಗೆ ಕೂತಿರುತ್ತಾರೆ. ಬಾಯಲ್ಲಿ ಸರ್ರನೆ ಹೇಳಿದ ಮಾತು ಕೆಲವರಿಗೆ ತಪ್ಪಿಹೋಗಬಹುದು. ಹಲಗೆಯ ಮೇಲೆ ಬರೆದ ಸಾಲು ಎಲ್ಲರಿಗೂ ಒಂದೇ. ಹಾಗಾಗಿ ಸಂಕೋಚ ಬಿಟ್ಟು ಕೇಳಿ: ‘ಮಿಸ್, ಈ ಸಾಲಿನಿಂದ ಆ ಸಾಲಿಗೆ ಹೇಗೆ ಬಂದಿರಿ?’ ಹಾಗೆಂದು ಕಾರಣ ತಿಳಿಯದೆ ಸಾಲುಗಳನ್ನು ಉರು ಹೊಡೆದರೂ ಪ್ರಯೋಜನವಿಲ್ಲ. ಯ² − ಯ − 6 ಬಂದಾಗ ಚಿಹ್ನೆ ಎಲ್ಲಿ ಬದಲಾಯಿತೆಂದು ತಿಳಿಯದೆ ತಬ್ಬಿಬ್ಬಾಗುತ್ತೀರಿ.

ಈ ಬಗೆಯ ಲೆಕ್ಕ ನಮ್ಮ ನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ ಒಂಟೆಗಳದೊಂದು ಲೆಕ್ಕವಿದೆ. ಹಿಂಡಿನ ಕಾಲು ಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿವೆ. ಉಳಿದ 15 ನದಿಯ ದಡದಲ್ಲಿವೆ. ಒಟ್ಟು ಎಷ್ಟು?

ಇಂದಿನ ರೀತಿಯಲ್ಲಿ ಬಿಡಿಸೋಣ. ವರ್ಗಮೂಲ ಯ ಆದರೆ ಹಿಂಡು ಯ². ಆಗ ಯ² = ಯ²/4 + 2ಯ + 15. ಎಲ್ಲವನ್ನೂ 4ರಿಂದ ಗುಣಿಸಿ ಒಂದೇ ಕಡೆ ತಂದರೆ 3ಯ² − 8ಯ − 60 = 0. ಇಲ್ಲಿ ಮೊದಲು 3ನ್ನೂ −60ನ್ನೂ ಗುಣಿಸಬೇಕು: −180. ಗುಣಿಸಿದರೆ −180, ಕೂಡಿದರೆ −8 ಆಗುವ ಜೋಡಿ −18 ಮತ್ತು 10.
3ಯ² − 18ಯ + 10ಯ − 60 = 0
ಮುಂದಿನ ಸಾಲುಗಳನ್ನು ನೀವೇ ಬರೆಯಿರಿ. ಎರಡು ಆವರಣಗಳ ಗುಣಲಬ್ಧ ಸೊನ್ನೆಯಾದರೆ ಅವುಗಳಲ್ಲಿ ಒಂದಾದರೂ ಸೊನ್ನೆ. ಒಂದು ಆವರಣ ಋಣ ಸಂಖ್ಯೆ ಕೊಡುತ್ತದೆ, ಒಂಟೆಗಳಿಗೆ ಅದು ಹೊಂದದು. ಇನ್ನೊಂದರಿಂದ ಹಿಂಡು 36 ಎಂದು ಬರಬೇಕು: ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15.